ಗುಂಡಿ ತೋಡುವ ಮೊದಲು ಬೊಡ್ಡೆ ಹುಡುಕಿ

"ಮೇಡಂ, ಎಷ್ಟು ಸಸಿ ತರಿಸೋಣ?" ಪಾರ್ಕಿನಲ್ಲಿ ನಮ್ಮ ನೆಲದ್ದೇ ಮರಗಳ ಕಾಡು ಬೆಳೆಸಲು ಕರೆಯುವವರ ಮೊದಲ ಪ್ರಶ್ನೆ ಇದು. ಮೊದಲ ಮಳೆಗಾಲಕ್ಕೆ ಒಂದೂ ಬೇಡ ಅನ್ನುತ್ತೇನೆ. ಜೂನ್ 5ರ ಪರಿಸರ ದಿನಕ್ಕೆ ಮಕ್ಕಳ ಕೈಯಲ್ಲಿ ಗಿಡ ನೆಡಿಸಬೇಕು ಅಂದುಕೊಂಡವರಿಗೆ ಬೇಜಾರಾಗುತ್ತದೆ. ಆದರೂ ನಾನು ಹಟ ಬಿಡುವುದಿಲ್ಲ.

ಬೆಂಗಳೂರಿನ ದಕ್ಷಿಣಕ್ಕೆ, ತುರಹಳ್ಳಿ ಆಸುಪಾಸಿನ ನೆಲ ಮೊದಲಿನಿಂದ ಕಲ್ಲುಗುಡ್ಡ, ಕುರುಚಲು ಕಾಡು. ಅಂಥ ಕಡೆ ಪಾರ್ಕಿನ ಮೂಲೆಯಲ್ಲಿ ಆಳೆತ್ತರ ಲಂಟಾನ ಬೆಳೆದಿದ್ದರೂ ಮಂಡಿಯೂರಿ ಪೊದೆ ಸರಿಸಿ ನೋಡಿ. ಕಿರುಬೆರಳು ದಪ್ಪದ ದಿಂಡಿಗ ಮರದ ಚಿಗುರು ಸಿಗಬಹುದು. ಬುಡದ ಮಣ್ಣು ಕೆರೆದರೆ ಅದಕ್ಕಿಂತ ಎಷ್ಟೋ ದಪ್ಪದ ಹಳೇ ಬೊಡ್ಡೆ. ಕೊಡಲಿ ಏಟು, ಮೇಕೆ ಬಾಯಿ ಎರಡನ್ನೂ ವರ್ಷಗಟ್ಟಲೆ ತಡೆದುಕೊಂಡ ಬೇರು ಅದು. ಸ್ವಲ್ಪ ಬಿಸಿಲು ಬಿದ್ದರೆ ಸಾಕು, ನರ್ಸರಿ ಸಸಿಯನ್ನು ಮೀರಿಸಿ ಬೆಳೆಯುತ್ತದೆ. ಕಾರೆ, ಕವಳಿ, ಮುತ್ತುಗವೂ ಹೀಗೇ. ಅದಕ್ಕೇ ಮೊದಲು ಬೊಡ್ಡೆ ಹುಡುಕಿ, ಪಕ್ಕದಲ್ಲಿ ಬಣ್ಣದ ಕಡ್ಡಿ ನೆಡುತ್ತೇವೆ.

ಆಮೇಲೆ ಲಂಟಾನ. ಅಂದಕ್ಕೆಂದು 1800ರ ಆಸುಪಾಸಿನಲ್ಲಿ ತಂದ ಈ ಮಧ್ಯ, ದಕ್ಷಿಣ ಅಮೆರಿಕದ ಗಿಡವನ್ನು ಮಚ್ಚಿನಿಂದ ಸವರಿದರೆ ಒಂದು ಕಾಂಡಕ್ಕೆ ಹತ್ತು ಚಿಗುರುತ್ತವೆ. ದೆಹಲಿಯ ಪರಿಸರ ವಿಜ್ಞಾನಿ ಪ್ರೊ. ಸಿ.ಆರ್. ಬಾಬು ಅವರ ತಂಡ ತೋರಿಸಿಕೊಟ್ಟ ದಾರಿ ಸುಲಭ: ಮಣ್ಣಿನಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿದು, ಪೊದೆಯನ್ನು ತಲೆಕೆಳಗೆ ಮಾಡಿ ಇಡುವುದು. ಬೇರು ಗಾಳಿಗೆ ಒಣಗುತ್ತದೆ. ಕಾಯಿ ಹಣ್ಣಾಗುವ ಮೊದಲೇ ಇದು ಆಗಬೇಕು. ಮುಂದೆ ಎರಡು ಮೂರು ಮಳೆಗಾಲ ಪಿಕಳಾರಗಳು ಕೂರುವ ಮರಗಳ ಕೆಳಗೆ ಹುಡುಕಿ ಹುಡುಕಿ ಸಸಿ ಕೀಳಬೇಕು. ಹಣ್ಣು ತಿಂದು ಬೀಜ ಬೀಳಿಸುವುದು ಅವೇ ಅಲ್ವಾ.

ಒಮ್ಮೆ ನಾನು ಒಂದೇ ವಾರದಲ್ಲಿ ಇಡೀ ಜಾಗ ತೆರವು ಮಾಡಿಸಿದ್ದೆ. ಮಳೆ ಬಿದ್ದದ್ದೇ ಸೊಂಟದೆತ್ತರ ಕಾಂಗ್ರೆಸ್ ಗಿಡ ಎದ್ದಿತು. ಅಲ್ಲಿದ್ದ ಮುಂಗುಸಿಗಳು ಮತ್ತೆ ಕಾಣಲಿಲ್ಲ. ಆ ನೋವು ಇನ್ನೂ ಇದೆ. ಈಗ ತುಂಡು ತುಂಡಾಗಿಯೇ ತೆಗೆಸುತ್ತೇನೆ.

ಎರಡನೇ ವರ್ಷ, ಬೊಡ್ಡೆಯೇ ಇಲ್ಲದ ಕಡೆ ಮಾತ್ರ ನೆಡುತ್ತೇವೆ. ಬೇವು, ನೇರಳೆ ಬೀಜ ಇಟ್ಟರೆ ಕೆಡುತ್ತದೆ, ಬಿದ್ದ ಕೂಡಲೇ ಹಾಕಬೇಕು. ಕಕ್ಕೆ ಬೀಜದ ಸಿಪ್ಪೆ ಗಟ್ಟಿ, ಕಲ್ಲಿಗೆ ಉಜ್ಜದೆ ಮೊಳೆಯುವುದು ಕಷ್ಟ. ಶ್ರೀಗಂಧದ ಬೇರಿಗೆ ಪಕ್ಕದ ಗಿಡದ ಬೇರು ಬೇಕು. ಅದಕ್ಕೇ ಕುಂಡದಲ್ಲೇ ಜೊತೆಗೊಂದು ತೊಗರಿ ಹಾಕುತ್ತೇವೆ.

ಜಾಸ್ತಿ ಮಾತಾಡಬೇಕಾಗುವುದು ತರಗೆಲೆ ವಿಷಯದಲ್ಲಿ. ದಿನಾ ಗುಡಿಸಿ ಸುಟ್ಟರೆ ಮಣ್ಣಿಗೆ ಏನು ಉಳಿಯಿತು? ಹಾವಿನ ಭಯ ನಿಜ. ಅದಕ್ಕೆ ದಾರಿಯ ಎರಡೂ ಬದಿ ನಾಲ್ಕು ಅಡಿ ಚೊಕ್ಕಟವಾಗಿಟ್ಟು, ಒಳಗಿನ ಎಲೆ ಮುಟ್ಟಬೇಡಿ ಎಂದು ಮಾಲಿಗಳಿಗೆ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ವಾಕಿಂಗ್ ಬಂದ ಅಜ್ಜಿಯೊಬ್ಬರು ನಮ್ಮ ಎಳೆಯ ಕಕ್ಕೆ ಗಿಡ ತೋರಿಸಿದರು. ಮೈತುಂಬ ಹಸಿರು ಹುಳು, ಎಲೆಗಳಲ್ಲಿ ಬರೀ ನರ ಉಳಿದಿತ್ತು. "ಔಷಧಿ ಹೊಡೆಸಮ್ಮ, ಸತ್ತೇ ಹೋಗುತ್ತೆ" ಅಂದರು. "ಎರಡು ವಾರ ಸುಮ್ನೆ ಬಿಡೋಣ ಅಜ್ಜಿ" ಅಂದೆ. ದಿನಾ ಬಂದು ನೋಡಿದರು. ತಿಳಿಹಳದಿ ಚಿಟ್ಟೆ ಮೊದಲು ಹಾರಿದ್ದು ಅವರ ಕಣ್ಣಿಗೇ ಬಿತ್ತು. ಅಷ್ಟರಲ್ಲಿ ಕಕ್ಕೆಯ ತುದಿಯಲ್ಲಿ ಹೊಸ ಚಿಗುರೂ ಬಂದಿತ್ತು.