ಎತ್ತರ ಐದು ಅಡಿಗಿಂತ ಕಡಿಮೆ ಇರುವವರಿಗೆ ಯಾವ ಕಾರು ಹೊಂದುತ್ತದೆ?

ಪ್ರಶ್ನೆ: ನನ್ನ ಎತ್ತರ 4 ಅಡಿ 11 ಅಂಗುಲ. ಡ್ರೈವಿಂಗ್ ಸ್ಕೂಲಿನಲ್ಲಿ ಬೆನ್ನಿಗೊಂದು, ಕೆಳಗೊಂದು ದಿಂಬು ಇಟ್ಟುಕೊಂಡು ಕಲಿತು ಲೈಸೆನ್ಸ್ ಪಡೆದಿದ್ದೇನೆ. ಈಗ ಸ್ವಂತ ಕಾರು ಕೊಳ್ಳಬೇಕೆಂದಿದ್ದೇನೆ. ರಸ್ತೆ ಚೆನ್ನಾಗಿ ಕಾಣುವಂತೆ ಕುಳಿತರೆ ಕ್ಲಚ್ ಪೂರ್ತಿ ಒತ್ತಲು ಆಗುವುದಿಲ್ಲ. ಕ್ಲಚ್ ಸಿಗುವಂತೆ ಸೀಟನ್ನು ಮುಂದಕ್ಕೆ ತಂದರೆ ಸ್ಟೀರಿಂಗ್ ಎದೆಗೆ ತಾಗುವಷ್ಟು ಹತ್ತಿರವಾಗುತ್ತದೆ. ನನ್ನಂಥವರಿಗೆ ಯಾವ ಕಾರು ಒಳ್ಳೆಯದು?

ಉತ್ತರ: ಎತ್ತರ ಕಡಿಮೆ ಇರುವ ಬಹುತೇಕ ಎಲ್ಲ ಚಾಲಕರೂ, ಅದರಲ್ಲಿಯೂ ಮಹಿಳೆಯರು, ಕೇಳುವ ಪ್ರಶ್ನೆಯಿದು. ಸಾಮಾನ್ಯವಾಗಿ ಇದಕ್ಕೆ ಸಿಗುವ ಉತ್ತರ "ಎತ್ತರದ ಕಾರು ತೆಗೆದುಕೊಳ್ಳಿ, ಎಸ್‌ಯುವಿ ತೆಗೆದುಕೊಳ್ಳಿ" ಎಂಬುದು. ಈ ಸಲಹೆ ಅರ್ಧ ಮಾತ್ರ ಸರಿ. ನಿಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಓದಿದರೆ ತೊಡಕು ಕಾರಿನ ಎತ್ತರದಲ್ಲಿಲ್ಲ ಎಂಬುದು ತಿಳಿಯುತ್ತದೆ. ಕಣ್ಣು ಮೇಲಕ್ಕೇರಬೇಕು, ಕಾಲು ಮುಂದಕ್ಕೆ ಹೋಗಬೇಕು, ಎದೆ ಮಾತ್ರ ಸ್ಟೀರಿಂಗ್‌ನಿಂದ ದೂರ ಉಳಿಯಬೇಕು. ಈ ಮೂರೂ ಒಟ್ಟಿಗೆ ಸಾಧ್ಯವಾಗುವಂತೆ ಸೀಟು ಮತ್ತು ಸ್ಟೀರಿಂಗ್‌ಗಳನ್ನು ಹೊಂದಿಸಿಕೊಳ್ಳಲು ಬಿಡುವ ಕಾರೇ ನಿಮಗೆ ಬೇಕಾದದ್ದು. ಅದು ಸಣ್ಣ ಹ್ಯಾಚ್‌ಬ್ಯಾಕ್ ಆಗಿರಬಹುದು, ಸೆಡಾನ್ ಕೂಡ ಆಗಿರಬಹುದು.

ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಕೊರತೆ ನಿಮ್ಮ ದೇಹದಲ್ಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಭಾರತದ ವಯಸ್ಕ ಮಹಿಳೆಯರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಹೆಚ್ಚೂ ಕಡಿಮೆ ಐದು ಅಡಿ. ಆದರೆ ಕ್ರ್ಯಾಶ್ ಟೆಸ್ಟ್‌ಗಳಲ್ಲಿ ಚಾಲಕನ ಸೀಟಿನಲ್ಲಿ ಬಹುಕಾಲದಿಂದ ಕೂರಿಸುತ್ತಿರುವ ಬೊಂಬೆ ಸುಮಾರು 175 ಸೆಂಟಿಮೀಟರ್ ಎತ್ತರದ, 78 ಕಿಲೋ ತೂಕದ ಪುರುಷನದು. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ, ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ನಮ್ಮ ಭಾರತ್ ಎನ್‌ಸಿಎಪಿಯ ಮುಂಭಾಗದ ಪರೀಕ್ಷೆಯಲ್ಲಿಯೂ ಮುಂದಿನ ಎರಡು ಸೀಟುಗಳಲ್ಲಿ ಇದೇ ಅಳತೆಯ ಬೊಂಬೆಗಳಿರುತ್ತವೆ. ಅಂತರರಾಷ್ಟ್ರೀಯವಾಗಿ 'ಸಣ್ಣ ಗಾತ್ರದ ಮಹಿಳೆ' ಎಂದು ಕರೆಯುವ ಇನ್ನೊಂದು ಬೊಂಬೆ ಇದೆ. ಅದರ ಎತ್ತರ ಸುಮಾರು 150 ಸೆಂಟಿಮೀಟರ್. ಅಮೆರಿಕದ ಮಹಿಳೆಯರಲ್ಲಿ ತೀರಾ ಕುಳ್ಳಗಿರುವ ನೂರಕ್ಕೆ ಐದು ಮಂದಿಯನ್ನು ಪ್ರತಿನಿಧಿಸಲು ಮಾಡಿದ ಆ ಬೊಂಬೆ ನಮ್ಮಲ್ಲಿ ಸಾಧಾರಣ ಮಹಿಳೆಯ ಎತ್ತರಕ್ಕೆ ಸಮೀಪ ನಿಲ್ಲುತ್ತದೆ. ಹಾಗಿದ್ದರೂ ಎತ್ತರ ಹೊಂದಿಸಬಹುದಾದ ಚಾಲಕರ ಸೀಟನ್ನು ನಮ್ಮ ಮಾರುಕಟ್ಟೆಯಲ್ಲಿ ಇಂದಿಗೂ ದುಬಾರಿ ವೇರಿಯಂಟಿನ ಸೌಲಭ್ಯವೆಂಬಂತೆ ಮಾರಲಾಗುತ್ತಿದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸೀಟ್‌ಬೆಲ್ಟ್‌ನಂತೆ ಇದೂ ಪ್ರತಿ ಕಾರಿನಲ್ಲಿ ಇರಲೇಬೇಕಾದ ವಸ್ತು.

ಸ್ಟೀರಿಂಗ್‌ಗೆ ಎದೆ ಹತ್ತಿರವಾಗುವುದು ಕೇವಲ ಇರುಸುಮುರುಸಿನ ವಿಷಯವಲ್ಲವಾದ್ದರಿಂದ ಅದನ್ನೇ ಮೊದಲು ನೋಡೋಣ. 2019ರ ಜುಲೈ 1ರಿಂದ ಭಾರತದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯ. ಅದು ಸ್ಟೀರಿಂಗ್‌ನ ನಡುವಿನ ಮುಚ್ಚಳವನ್ನು ಸೀಳಿಕೊಂಡು, ಕಣ್ಣೆವೆ ಮುಚ್ಚಿ ತೆರೆಯುವುದಕ್ಕೂ ಮೊದಲೇ ಉಬ್ಬಿಕೊಳ್ಳುತ್ತದೆ. ಹೊರಬರುವ ಮೊದಲ ಐದರಿಂದ ಎಂಟು ಸೆಂಟಿಮೀಟರ್‌ನಲ್ಲಿ ಅದರ ರಭಸ ಅತಿ ಹೆಚ್ಚು. ಆ ಜಾಗದಲ್ಲಿ ಎದೆಯೋ ಮುಖವೋ ಇದ್ದರೆ ಕಾಪಾಡಬೇಕಾದ ಚೀಲವೇ ಪೆಟ್ಟು ಕೊಡುತ್ತದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಸಣ್ಣಪುಟ್ಟ ಅಪಘಾತಗಳಲ್ಲಿಯೂ ಏರ್‌ಬ್ಯಾಗ್ ಬಡಿದು ಚಾಲಕರು ಸತ್ತ ಪ್ರಕರಣಗಳು ಹೊರಬಂದವು. ಅವರಲ್ಲಿ ಹಲವರು ಸ್ಟೀರಿಂಗ್‌ಗೆ ಅಂಟಿಕೊಂಡಂತೆ ಕುಳಿತಿದ್ದ ಕಡಿಮೆ ಎತ್ತರದವರು, ಬಹಳಷ್ಟು ಮಂದಿ ಬೆಲ್ಟ್ ಹಾಕಿರಲಿಲ್ಲ. ಅದರ ನಂತರವೇ ಅಲ್ಲಿ ಏರ್‌ಬ್ಯಾಗ್‌ಗಳ ರಭಸವನ್ನು ತಗ್ಗಿಸಲು ಅವಕಾಶ ಕೊಡಲಾಯಿತು, ಸಣ್ಣ ಗಾತ್ರದ ಬೊಂಬೆಯನ್ನು ಕೂರಿಸಿ ಪರೀಕ್ಷಿಸುವುದೂ ಕಡ್ಡಾಯವಾಯಿತು. ಅಂದು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಹೇಳಿದ ಅಳತೆ ಇಂದಿಗೂ ನೆನಪಿನಲ್ಲಿಡಬೇಕಾದದ್ದು: ಎದೆಮೂಳೆಯಿಂದ ಸ್ಟೀರಿಂಗ್‌ನ ನಡುಭಾಗಕ್ಕೆ ಕನಿಷ್ಠ 10 ಅಂಗುಲ, ಅಂದರೆ 25 ಸೆಂಟಿಮೀಟರ್ ಅಂತರವಿರಬೇಕು. ಶೋರೂಮಿಗೆ ಹೋಗುವಾಗ ಟೈಲರ್ ಬಳಸುವ ಟೇಪೊಂದನ್ನು ಜೊತೆಗೆ ಒಯ್ಯಿರಿ. ಅಲ್ಲಿಯ ಸಿಬ್ಬಂದಿ ಏನೆಂದುಕೊಂಡರೂ ಸಂಕೋಚ ಬೇಡ.

ಈ 25 ಸೆಂಟಿಮೀಟರ್ ಉಳಿಸಿಕೊಡುವ ಸೌಲಭ್ಯವೆಂದರೆ ಮುಂದೆ ಹಿಂದೆ ಸರಿಯುವ, ಟೆಲಿಸ್ಕೋಪಿಕ್ ಎಂದು ಕರೆಯುವ ಸ್ಟೀರಿಂಗ್. ಸ್ಟೀರಿಂಗ್ ಹೊಂದಾಣಿಕೆಯಲ್ಲಿ ಎರಡು ಬಗೆ. ಟಿಲ್ಟ್ ಎಂದರೆ ಮೇಲೆ ಕೆಳಗೆ ಮಾತ್ರ ಅಲುಗುವುದು. ನಮ್ಮ ಕಡಿಮೆ ಬೆಲೆಯ ಹೆಚ್ಚಿನ ಕಾರುಗಳಲ್ಲಿ ಇರುವುದು ಇಷ್ಟೇ. ಟೆಲಿಸ್ಕೋಪಿಕ್ ಇರುವುದು ಉದ್ದ ಕಾಲಿನವರು ಸ್ಟೀರಿಂಗನ್ನು ತಮ್ಮತ್ತ ಎಳೆದುಕೊಳ್ಳಲಿಕ್ಕೆ ಎಂದು ಹಲವರು ತಿಳಿದಿದ್ದಾರೆ. ಕುಳ್ಳಗಿರುವವರಿಗೆ ಅದು ಇನ್ನೂ ಹೆಚ್ಚು ಉಪಯುಕ್ತ, ಏಕೆಂದರೆ ಪೆಡಲಿಗಾಗಿ ಸೀಟನ್ನು ಮುಂದಕ್ಕೆ ತಂದ ಮೇಲೆ ಸ್ಟೀರಿಂಗನ್ನು ಡ್ಯಾಶ್‌ಬೋರ್ಡ್‌ನತ್ತ ಒಳಕ್ಕೆ ತಳ್ಳಿ ಎದೆಗೆ ಜಾಗ ಮಾಡಿಕೊಳ್ಳಬಹುದು. ಟಿಲ್ಟ್ ಮಾತ್ರ ಇದ್ದರೆ ಸ್ಟೀರಿಂಗನ್ನು ಸಾಧ್ಯವಾದಷ್ಟು ಕೆಳಕ್ಕಿಳಿಸಿ, ಅದರ ನಡುಭಾಗ ಮುಖದ ಕಡೆಗಲ್ಲದೆ ಎದೆಯ ಕಡೆಗೆ ತಿರುಗಿರುವಂತೆ ನೋಡಿಕೊಳ್ಳಬೇಕು.

ಎರಡನೆಯ ಅಗತ್ಯ ಸೀಟಿನ ಎತ್ತರ ಬದಲಿಸುವ ಸನ್ನೆ, ಅಂದರೆ ಲಿವರ್. ಇದು ಸಾಮಾನ್ಯವಾಗಿ ಸೀಟಿನ ಬಾಗಿಲ ಬದಿಯಲ್ಲಿರುತ್ತದೆ. ಪಂಪ್ ಹೊಡೆದಂತೆ ಎಳೆದರೆ ಸೀಟು ಮೇಲೇರುತ್ತದೆ. ಕೆಲವು ಕಾರುಗಳಲ್ಲಿ ಇಡೀ ಸೀಟು ಏರಿದರೆ, ಕೆಲವುಗಳಲ್ಲಿ ಕುಳಿತುಕೊಳ್ಳುವ ಭಾಗದ ಹಿಂದಿನ ಅಂಚು ಮಾತ್ರ ಏರಿ ಸೀಟು ಮುಂದಕ್ಕೆ ವಾಲುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಸೀಟು ಮೇಲೇರಿದಷ್ಟೂ ಪಾದ ಪೆಡಲಿನಿಂದ ದೂರವಾಗುವುದರಿಂದ ಸೀಟಿನ ಹಳಿಯಲ್ಲಿ ಇನ್ನೊಂದೆರಡು ಹಲ್ಲು ಮುಂದಕ್ಕೆ ಸರಿಯಬೇಕಾಗುತ್ತದೆ, ಆಗ ಎದೆ ಮತ್ತೆ ಸ್ಟೀರಿಂಗ್‌ಗೆ ಹತ್ತಿರವಾಗುತ್ತದೆ. ಆದ್ದರಿಂದಲೇ ಎತ್ತರದ ಸೀಟು ಮತ್ತು ಒಳಕ್ಕೆ ಸರಿಯುವ ಸ್ಟೀರಿಂಗ್ ಎರಡೂ ಜೊತೆಯಾಗಿದ್ದಾಗ ಮಾತ್ರ ನಿಮ್ಮ ಗಂಟು ಪೂರ್ತಿ ಬಿಚ್ಚುತ್ತದೆ.

ಸೀಟಿನ ಉದ್ದದ ಬಗ್ಗೆ ವಾಹನ ವಿಮರ್ಶೆಗಳನ್ನು ಎಚ್ಚರದಿಂದ ಓದಬೇಕು. ತೊಡೆಗೆ ಒಳ್ಳೆಯ ಆಧಾರವಿದೆ ಎಂದು ಉದ್ದನೆಯ ಸೀಟನ್ನು ವಿಮರ್ಶಕರು ಹೊಗಳುತ್ತಾರೆ, ಅದು ಆರು ಅಡಿಯವರ ಮಾತು. ತೊಡೆ ಗಿಡ್ಡವಾಗಿರುವವರಿಗೆ ಅದೇ ಸೀಟಿನ ಮುಂದಿನ ಅಂಚು ಮೊಣಕಾಲಿನ ಹಿಂಭಾಗವನ್ನು ಒತ್ತುತ್ತದೆ. ಆ ಒತ್ತಡ ತಪ್ಪಿಸಿಕೊಳ್ಳಲು ದೇಹ ತಾನಾಗಿಯೇ ಮುಂದಕ್ಕೆ ಜಾರಿ, ಸೊಂಟ ಮತ್ತು ಬೆನ್ನೊರಗಿನ ನಡುವೆ ಖಾಲಿ ಜಾಗ ಉಳಿದು, ಅರ್ಧ ಗಂಟೆಯಲ್ಲಿ ಸೊಂಟ ನೋಯಲು ಆರಂಭವಾಗುತ್ತದೆ. ಸೊಂಟವನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಕುಳಿತಾಗ ಮೊಣಕಾಲಿನ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗವಿದ್ದರೆ ಆ ಸೀಟು ನಿಮ್ಮದು.

ಇನ್ನು ಎತ್ತರದ ಕಾರಿನ ಮಾತು. ನೆಲದಿಂದ ಸೂರಿನವರೆಗೆ ಮಾರುತಿ ವ್ಯಾಗನ್‌ಆರ್ 1675 ಮಿಲಿಮೀಟರ್, ಟಾಟಾ ಪಂಚ್ 1615, ಬಲೆನೊ 1500. ವ್ಯಾಗನ್‌ಆರ್‌ನಂತಹ ಕಾರಿನಲ್ಲಿ ಕುರ್ಚಿಯ ಮೇಲೆ ಕುಳಿತಂತೆ ನೆಟ್ಟಗೆ ಕೂರಬಹುದು, ಗಾಜು ದೊಡ್ಡದು, ಬಾನೆಟ್ ಗಿಡ್ಡ. ಆದ್ದರಿಂದ ಸುತ್ತಲೂ ಚೆನ್ನಾಗಿ ಕಾಣುತ್ತದೆ. ಆದರೆ ಎಸ್‌ಯುವಿ ಎಂದು ಮಾರುವ ಹಲವು ಕಾರುಗಳಲ್ಲಿ ಸೀಟಿನ ಜೊತೆಗೆ ಡ್ಯಾಶ್‌ಬೋರ್ಡೂ ಬಾನೆಟ್ಟೂ ಕಿಟಕಿಯ ಕೆಳ ಅಂಚೂ ಅಷ್ಟೇ ಮೇಲೇರಿರುತ್ತವೆ. ಎತ್ತರದವರಿಗೆ ಅವುಗಳ ಮೇಲಿನಿಂದ ರಸ್ತೆ ಕಾಣುತ್ತದೆ. ಅದೇ ಕಾರಿನಲ್ಲಿ ನಿಮಗೆ ಬಾನೆಟ್‌ನ ಮುಂದಿನ ಹಲವು ಅಡಿ ರಸ್ತೆ ಮರೆಯಾಗಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಿನಿಂದ ಕಡಿದಾದ ಏರು ಹತ್ತಿ ರಸ್ತೆಗೆ ಬರುವ ಕ್ಷಣದಲ್ಲಿ ಮುಂದೆ ಆಕಾಶ ಮಾತ್ರ ಕಾಣುವ ಅನುಭವ ಇದರದ್ದೇ. ಮುಂಗಾಜಿನ ಎರಡು ಬದಿಯ ಕಂಬಗಳೂ ಮುಖ್ಯ. ಸೀಟನ್ನು ಮುಂದೆ ತಂದವರ ಕಣ್ಣಿಗೆ ಆ ಕಂಬ ಹತ್ತಿರವಾಗುವುದರಿಂದ ಅದು ಮರೆಮಾಡುವ ಭಾಗವೂ ದೊಡ್ಡದಾಗುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳಿರುವ ಆಗುಂಬೆಯಂತಹ ಘಾಟಿಯಲ್ಲಿ ಬಲಕ್ಕೆ ತಿರುಗುವಾಗ ಎದುರಿನ ಬೈಕು ಆ ಕಂಬದ ಹಿಂದೆ ಪೂರ್ತಿ ಅಡಗಿಬಿಡಬಲ್ಲದು. ಹಾಗಾಗಿ ಕಂಬ ತೆಳ್ಳಗಿರುವ, ಅದರ ಬುಡದಲ್ಲಿ ಸಣ್ಣ ಗಾಜಿರುವ ಕಾರು ಸಿಕ್ಕರೆ ಅದಕ್ಕೆ ಒಂದು ಅಂಕ ಹೆಚ್ಚು ಕೊಡಿ.

ನಿಮ್ಮ ಕಷ್ಟದ ಮೂಲವಾದ ಕ್ಲಚ್ಚನ್ನೇ ಇಲ್ಲವಾಗಿಸುವ ದಾರಿಯೂ ಇದೆ. ಬ್ರೇಕ್ ಮತ್ತು ಆಕ್ಸಿಲರೇಟರ್‌ಗೆ ಹೋಲಿಸಿದರೆ ಕ್ಲಚ್ಚನ್ನು ಹೆಚ್ಚು ಆಳಕ್ಕೆ ಒತ್ತಬೇಕು. ಸೀಟನ್ನು ಅಷ್ಟು ಮುಂದಕ್ಕೆ ತರಬೇಕಾಗುವುದು ಮುಖ್ಯವಾಗಿ ಅದಕ್ಕಾಗಿ. ಆಟೊಮ್ಯಾಟಿಕ್ ಕಾರಿನಲ್ಲಿ ಬಲಗಾಲಿಗೆ ಎರಡು ಪೆಡಲು ಸಿಕ್ಕರೆ ಸಾಕಾದ್ದರಿಂದ ಸೀಟನ್ನು ತುಸು ಹಿಂದಕ್ಕೆ ಇಟ್ಟುಕೊಳ್ಳಬಹುದು. 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ಬಂದ, ಕ್ಲಚ್ಚನ್ನೂ ಗೇರನ್ನೂ ತಾನೇ ನಿಭಾಯಿಸುವ ಎಎಂಟಿ ಗೇರ್‌ಬಾಕ್ಸ್‌ನಿಂದಾಗಿ ಈ ಅನುಕೂಲ ಕಡಿಮೆ ಬೆಲೆಯ ಕಾರುಗಳಿಗೂ ಬಂದಿದೆ, ವಿದ್ಯುತ್ ಕಾರುಗಳಲ್ಲಂತೂ ಕ್ಲಚ್ಚೇ ಇಲ್ಲ. ನನ್ನನ್ನು ಕೇಳಿದರೆ, ಐದು ಅಡಿಗಿಂತ ಕಡಿಮೆ ಇರುವವರು ಸನ್‌ರೂಫ್‌ಗೂ ದೊಡ್ಡ ಟಚ್‌ಸ್ಕ್ರೀನ್‌ಗೂ ಕೊಡುವ ಹಣವನ್ನು ಆಟೊಮ್ಯಾಟಿಕ್‌ಗೆ ಮತ್ತು ಎತ್ತರ ಹೊಂದಿಸುವ ಸೀಟಿಗೆ ಕೊಡುವುದೇ ಸರಿ.

ಹಾಗಾದರೆ ಎಲ್ಲಿಂದ ಹುಡುಕಲು ಆರಂಭಿಸಬೇಕು? ಹ್ಯಾಚ್‌ಬ್ಯಾಕ್‌ಗಳಲ್ಲಿ ಬಲೆನೊದ ಮೇಲಿನ ವೇರಿಯಂಟ್‌ಗಳು, ಸೆಡಾನ್‌ಗಳಲ್ಲಿ ಹೋಂಡಾ ಸಿಟಿ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್, ಸ್ವಲ್ಪ ಎತ್ತರದ ಕಾರು ಬೇಕೆನ್ನುವವರಿಗೆ ಸ್ಕೋಡಾ ಕುಶಾಕ್ — ಇವುಗಳಲ್ಲಿ ಟೆಲಿಸ್ಕೋಪಿಕ್ ಸ್ಟೀರಿಂಗ್ ಮತ್ತು ಎತ್ತರ ಹೊಂದಿಸುವ ಸೀಟು ಎರಡೂ ಸಿಗುತ್ತವೆ. ಹಳೆಯ ಕಾರು ಕೊಳ್ಳುವುದಾದರೆ ಹೋಂಡಾ ಜಾಜ್ ಮತ್ತು ಫೋಕ್ಸ್‌ವ್ಯಾಗನ್ ಪೋಲೊಗಳನ್ನೂ ನೋಡಬಹುದು. ಇದು ಆರಂಭಕ್ಕೆ ಮಾತ್ರ. ಇಬ್ಬರ ಎತ್ತರ ಒಂದೇ ಇದ್ದರೂ ಒಬ್ಬರದು ಕಾಲು ಉದ್ದ, ಇನ್ನೊಬ್ಬರದು ಮೈ ಉದ್ದ ಇರಬಹುದಾದ್ದರಿಂದ ಕುಳಿತು ನೋಡದೆ ಯಾವ ಕಾರನ್ನೂ ನಿರ್ಧರಿಸಬೇಡಿ.

ಕುಳಿತು ನೋಡುವುದಕ್ಕೂ ಒಂದು ಕ್ರಮವಿದೆ. ದಿನವೂ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಹೋಗಿ. ಮೊದಲು ಸೊಂಟ ಪೂರ್ತಿ ಹಿಂದಕ್ಕೆ. ನಂತರ ಕ್ಲಚ್ಚನ್ನು, ಆಟೊಮ್ಯಾಟಿಕ್ ಆದರೆ ಬ್ರೇಕನ್ನು, ತಳದವರೆಗೆ ಒತ್ತಿದಾಗಲೂ ಮೊಣಕಾಲು ತುಸು ಬಾಗಿರುವಂತೆ ಸೀಟನ್ನು ಸರಿಸಿ, ಹಿಮ್ಮಡಿ ನೆಲದ ಮೇಲೆಯೇ ಇದೆಯೇ ನೋಡಿ. ಹಿಮ್ಮಡಿ ಎದ್ದರೆ ಇಡೀ ಕಾಲಿನಿಂದ ಬ್ರೇಕ್ ಒತ್ತಬೇಕಾಗಿ ಕಾರು ಜಗ್ಗುತ್ತದೆ. ಆಮೇಲೆ ಸೀಟನ್ನು ಏರಿಸಿ, ಸ್ಟೀರಿಂಗ್‌ನ ಮೇಲಂಚಿನ ಮೇಲಿನಿಂದ, ಅದರ ಸಂದಿನಿಂದಲ್ಲ, ರಸ್ತೆ ಕಾಣುವಂತೆ ಮಾಡಿಕೊಳ್ಳಿ. ಕೊನೆಗೆ ಬೆನ್ನೊರಗು, ಸ್ಟೀರಿಂಗ್, ಟೇಪಿನ ಅಳತೆ. ಬೆಲ್ಟ್ ಭುಜದ ನಡುವೆ ಹಾದು ಹೋಗಬೇಕು. ಕುತ್ತಿಗೆಯನ್ನು ಉಜ್ಜುತ್ತಿದ್ದರೆ ಬಾಗಿಲ ಪಕ್ಕದ ಕಂಬದಲ್ಲಿ ಬೆಲ್ಟಿನ ಎತ್ತರ ಇಳಿಸುವ ವ್ಯವಸ್ಥೆ ಇದೆಯೇ ಕೇಳಿ. ಅದು ಇಲ್ಲದ ಕಾರಿನಲ್ಲಿ ಜನ ಬೆಲ್ಟನ್ನು ಕಂಕುಳಿನ ಕೆಳಗೆ ಸಿಕ್ಕಿಸಿಕೊಳ್ಳುತ್ತಾರೆ, ಅಪಘಾತದಲ್ಲಿ ಪಕ್ಕೆಲುಬು ಮುರಿಯುವುದು ಹಾಗೆಯೇ. ಹಿಂದಿನ ಡಿಕ್ಕಿಯ ಬಾಗಿಲನ್ನು ಪೂರ್ತಿ ತೆರೆದು, ನಿಮ್ಮ ಕೈಗೆ ಎಟುಕುತ್ತದೆಯೇ ಎಂಬುದನ್ನೂ ನೋಡಿಬಿಡಿ.

ಇದೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಟೆಸ್ಟ್ ಡ್ರೈವ್‌ಗೆ ಕೊಡುವ ಕಾರು ಹೆಚ್ಚಾಗಿ ಎಲ್ಲ ಸೌಲಭ್ಯಗಳಿರುವ ಮೇಲಿನ ವೇರಿಯಂಟ್ ಆಗಿರುತ್ತದೆ, ನಾವು ಬುಕ್ ಮಾಡುವುದು ಕೆಳಗಿನದನ್ನು. ಸೀಟಿನ ಸನ್ನೆ ಮತ್ತು ಟೆಲಿಸ್ಕೋಪಿಕ್ ಸ್ಟೀರಿಂಗ್ ನೀವು ಕೊಳ್ಳುವ ವೇರಿಯಂಟ್‌ನಲ್ಲಿಯೇ ಇವೆಯೇ ಎಂದು ಕಂಪನಿಯ ಪಟ್ಟಿಯಲ್ಲಿ ಓದಿ ಖಚಿತಪಡಿಸಿಕೊಂಡ ಮೇಲೆಯೇ ಮುಂಗಡ ಕೊಡಿ.

ದಿಂಬಿನ ಅಭ್ಯಾಸವನ್ನು ಬಿಡುವುದೇ ಒಳ್ಳೆಯದು. ಮೆತ್ತನೆಯ ದಿಂಬು ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಜಾರುತ್ತದೆ; ಅಪಘಾತದಲ್ಲಿ ಅದು ಅದುಮಿಕೊಂಡು ದೇಹ ಬೆಲ್ಟಿನ ಕೆಳಗೆ ನುಸುಳಿದರೆ ಸೊಂಟದ ಮೂಳೆಯ ಮೇಲೆ ಬೀಳಬೇಕಾದ ಭಾರ ಹೊಟ್ಟೆಯ ಮೇಲೆ ಬೀಳುತ್ತದೆ. ಅನಿವಾರ್ಯವಾದರೆ ತೆಳುವಾದ, ಗಟ್ಟಿ ಫೋಮಿನ, ಸೀಟಿಗೆ ಕಟ್ಟಲು ಬರುವ ಕುಶನ್ ಸಾಕು. ಆನ್‌ಲೈನ್‌ನಲ್ಲಿ ಸಿಗುವ, ಪೆಡಲಿಗೆ ತಿರುಪು ಹಾಕಿ ಕೂರಿಸುವ ಎಕ್ಸ್‌ಟೆನ್ಶನ್‌ಗಳನ್ನು ನೀವೇ ಹಾಕಿಕೊಳ್ಳಬೇಡಿ, ಓಡುವಾಗ ಅದು ಸಡಿಲಗೊಂಡರೆ ಬ್ರೇಕೇ ಸಿಗದೆ ಹೋದೀತು. ಯಾವ ಕಾರಿನಲ್ಲಿಯೂ ಕಾಲು ಎಟುಕದವರಿಗೆ ಪೆಡಲುಗಳನ್ನು ಎತ್ತರಿಸಿಕೊಡುವ ಅನುಭವಿ ಕುಶಲಕರ್ಮಿಗಳಿದ್ದಾರೆ. ಹೈದರಾಬಾದಿನಲ್ಲಿ ಸುಮಾರು ಮೂರು ಅಡಿ ಎತ್ತರದವರೊಬ್ಬರು ಹೀಗೆ ಮಾರ್ಪಡಿಸಿದ ಕಾರಿನಲ್ಲಿ ಚಾಲನೆ ಕಲಿತು ಲೈಸೆನ್ಸ್ ಪಡೆದಿದ್ದಾರೆ. ಅಂಥ ಮಾರ್ಪಾಡಿಗೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆದುಕೊಳ್ಳಿ, ವಿಮಾ ಕಂಪನಿಗೂ ತಿಳಿಸಿ.

ಮನೆಯಲ್ಲಿ ಅದೇ ಕಾರನ್ನು ಎತ್ತರದವರೊಬ್ಬರು ಕೂಡ ಓಡಿಸುವುದಾದರೆ, ನಿಮ್ಮ ಸೀಟು ಪೂರ್ತಿ ಮುಂದಿನಿಂದ ಎಷ್ಟನೆಯ ಹಲ್ಲಿನಲ್ಲಿರುತ್ತದೆ, ತೀರಾ ಕೆಳಗಿನಿಂದ ಸನ್ನೆಯನ್ನು ಎಷ್ಟು ಸಲ ಎಳೆದರೆ ನಿಮ್ಮ ಎತ್ತರ ಬರುತ್ತದೆ ಎಂಬುದನ್ನು ಎಣಿಸಿ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಹೊರಡುವ ಮೊದಲು ಸೀಟು, ಸ್ಟೀರಿಂಗ್, ಆಮೇಲೆ ಮೂರೂ ಕನ್ನಡಿ, ಇದೇ ಕ್ರಮದಲ್ಲಿ ಸರಿಮಾಡಿಕೊಳ್ಳಿ. ಸೀಟು ಸರಿದ ಮೇಲೆ ಹಿಂದಿನವರು ಹೊಂದಿಸಿದ ಕನ್ನಡಿಯಲ್ಲಿ ನಿಮಗೆ ಬೇಕಾದದ್ದು ಕಾಣುವುದಿಲ್ಲ.