ಅಮೆರಿಕದ ಸಣ್ಣ ಊರುಗಳು ದಂಡದ ದುಡ್ಡಲ್ಲೇ ನಡೆಯುತ್ತವಾ?

ಪ್ರಶ್ನೆ: ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಹೆದ್ದಾರಿಯಲ್ಲಿ ಹೋಗುವಾಗ ಒಂದು ಸಣ್ಣ ಊರಿನ ಪೊಲೀಸರು ಸ್ಪೀಡಿಂಗ್ ಟಿಕೆಟ್ (ಅತಿವೇಗಕ್ಕೆ ದಂಡದ ಚೀಟಿ) ಕೊಟ್ಟರಂತೆ. "ಆ ಊರು ಬದುಕೋದೇ ದಂಡದಿಂದ, ಕಟ್ಟದೆ ಸುಮ್ನಿದ್ದುಬಿಡು" ಅಂತ ಅವನ ಗೆಳೆಯರು ಹೇಳುತ್ತಾರೆ. ಇದು ನಿಜಾನಾ?

ಉತ್ತರ: ಮೊದಲ ಮಾತು ಕೆಲವು ಊರುಗಳ ಮಟ್ಟಿಗೆ ನಿಜ. ಎರಡನೇ ಮಾತನ್ನು ಮಗ ದಯವಿಟ್ಟು ಕೇಳಬಾರದು.

ನಮ್ಮಲ್ಲಿ ಟ್ರಾಫಿಕ್ ದಂಡ ರಾಜ್ಯ ಸರ್ಕಾರದ ಖಜಾನೆಗೆ ಹೋಗುತ್ತದೆ. ಶಿರಾದಲ್ಲಿ ಫೈನ್ ಕಟ್ಟಿದರೆ ಶಿರಾ ನಗರಸಭೆ ಶ್ರೀಮಂತವಾಗುವುದಿಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸಣ್ಣ ಊರಿಗೂ ಸ್ವಂತ ಪೊಲೀಸರು ಇರುತ್ತಾರೆ, ಎಷ್ಟೋ ಕಡೆ ಸ್ವಂತ ಕೋರ್ಟೂ ಇರುತ್ತದೆ. ದಂಡದ ಒಂದು ಪಾಲು ಊರಿನ ಬೊಕ್ಕಸಕ್ಕೇ ಬೀಳುತ್ತದೆ. ಅಂಗಡಿ, ಕಾರ್ಖಾನೆ ಇಲ್ಲದ ಊರಿಗೆ ತೆರಿಗೆ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಹೆದ್ದಾರಿ ಇದ್ದರೆ ಆಸೆ ಹುಟ್ಟುತ್ತದೆ. ದಂಡ ಕಟ್ಟುವವರು ಹೆಚ್ಚಾಗಿ ಹೊರಗಿನವರು. ಅವರಿಗೆ ಆ ಊರಲ್ಲಿ ಓಟಿಲ್ಲ, ಹಾಗಾಗಿ ಕೇಳುವವರೂ ಇಲ್ಲ.

ಫ್ಲೋರಿಡಾದ ಹ್ಯಾಂಪ್ಟನ್ ನೋಡಿ. 2014ರ ಸುಮಾರಿಗೆ ಜನಸಂಖ್ಯೆ 477. ಯು.ಎಸ್. 301 ಹೆದ್ದಾರಿ ಊರಿನ ಆಚೆ ಹಾದುಹೋಗುತ್ತಿತ್ತು. 1990ರ ದಶಕದಲ್ಲಿ ಊರಿನ ಆಡಳಿತ ಆ ಹೆದ್ದಾರಿಯ 1,260 ಅಡಿ ಉದ್ದದ ತುಂಡನ್ನು ತನ್ನ ಗಡಿಯೊಳಗೆ ಸೇರಿಸಿಕೊಂಡಿತು. ಅರ್ಧ ಕಿಲೋಮೀಟರೂ ಇಲ್ಲ. ಕಾರು ಅದನ್ನು ದಾಟೋಕೆ ಅರ್ಧ ನಿಮಿಷವೂ ಬೇಡ. ಅಷ್ಟು ಜಾಗದಲ್ಲಿ ಪೊಲೀಸರು ರಾಡಾರ್ ಹಿಡಿದು ಕೂತು ಸಾವಿರಾರು ಟಿಕೆಟ್ ಕೊಟ್ಟರು. 2014ರಲ್ಲಿ ರಾಜ್ಯದ ಲೆಕ್ಕ ತಪಾಸಣೆ ಊರಿನ ಹಣಕಾಸಿನ ಅವ್ಯವಸ್ಥೆಯನ್ನೆಲ್ಲ ಹೊರಗೆಳೆಯಿತು. ಊರಾಡಳಿತವನ್ನೇ ರದ್ದು ಮಾಡುವ ಮಾತು ಎದ್ದಿತು. ಆ ಹೆದ್ದಾರಿ ತುಂಡನ್ನೂ ಪೊಲೀಸ್ ಇಲಾಖೆಯನ್ನೂ ಕೈಬಿಟ್ಟ ಮೇಲೆ ಹ್ಯಾಂಪ್ಟನ್ ಉಳಿಯಿತು. ಓಹಾಯೋದ ನ್ಯೂ ರೋಮ್ ಉಳಿಯಲಿಲ್ಲ. 60 ಜನರಿದ್ದ ಆ ಊರಿನ ಆಡಳಿತವನ್ನು 2004ರಲ್ಲಿ ಕೋರ್ಟೇ ಮುಚ್ಚಿಸಿತು.

ಈಗ ಕೆಲವು ರಾಜ್ಯಗಳು ಊರಿನ ಆದಾಯದಲ್ಲಿ ದಂಡದ ಪಾಲಿಗೆ ಮಿತಿ ಹಾಕಿವೆ. ಮಿಸೌರಿ ಇಂಥ ಕಾನೂನನ್ನು 1995ರಲ್ಲೇ ತಂದಿತು. ಮಿತಿ ಹಾಕಿದ್ದು ತೀರಾ ಸರಿ ಅನ್ನುತ್ತೇನೆ. ಕೈಯಲ್ಲಿ ದುಡ್ಡಿಲ್ಲದವರಿಗೆ ಒಂದು ಟಿಕೆಟ್ ಸಾಕು, ದಂಡ ಕಟ್ಟಲಾಗದೆ ಲೈಸೆನ್ಸೂ ಹೋಗಿ, ಆಮೇಲೆ ಕೆಲಸವೂ ಹೋಗುತ್ತದೆ.

ಇನ್ನು ನಿಮ್ಮ ಮಗನ ವಿಷಯ. ಊರು ಎಂಥದ್ದೇ ಇರಲಿ, ಟಿಕೆಟ್ ಮಾತ್ರ ಅಸಲಿ. ಸುಮ್ಮನಿದ್ದರೆ ಲೈಸೆನ್ಸ್ ಅಮಾನತಾಗಬಹುದು, ವಾರಂಟೂ ಬರಬಹುದು. ಬೇರೆ ರಾಜ್ಯದ ಲೈಸೆನ್ಸ್ ಅಂತ ತಪ್ಪಿಸಿಕೊಳ್ಳೋಕೂ ಆಗಲ್ಲ, ಬಹುಪಾಲು ರಾಜ್ಯಗಳ ನಡುವೆ ಇದಕ್ಕೆ ಒಪ್ಪಂದ ಇದೆ. ಹಾಗಂತ ಅವಸರದಲ್ಲಿ ಕಟ್ಟುವುದೂ ಬೇಡ. ಕಟ್ಟಿದರೆ ಸಾಮಾನ್ಯವಾಗಿ ತಪ್ಪು ಒಪ್ಪಿಕೊಂಡ ಹಾಗೆ. ಲೈಸೆನ್ಸಿಗೆ ಪಾಯಿಂಟ್ (ತಪ್ಪಿನ ಅಂಕ) ಬಿದ್ದು ಇನ್ಶೂರೆನ್ಸ್ ಜಾಸ್ತಿಯಾಗಬಹುದು. ಟಿಕೆಟ್‌ನಲ್ಲಿರುವ ಕೊನೆ ದಿನದೊಳಗೆ ಕೋರ್ಟಿನ ಕಚೇರಿಗೆ ಫೋನ್ ಮಾಡಿ, ಡ್ರೈವಿಂಗ್ ಕ್ಲಾಸ್ ಮುಗಿಸಿದರೆ ಪಾಯಿಂಟ್ ತಪ್ಪುತ್ತದಾ, ತಕರಾರು ಹಾಕೋಕೆ ಏನು ದಾರಿ ಅಂತ ಕೇಳಲಿ. ಎಷ್ಟೋ ಕಡೆ ಇದು ಆನ್‌ಲೈನ್‌ನಲ್ಲೇ ಮುಗಿಯುತ್ತದೆ.

ಮುಂದೆ ಯಾವತ್ತಾದರೂ ಪೊಲೀಸರು ನಿಲ್ಲಿಸಿದರೆ, ಇಲ್ಲಿಯ ಹಾಗೆ ಕಾರಿಂದ ಇಳಿದು ಅವರ ಹತ್ತಿರ ಹೋಗಬಾರದು ಅಂತಲೂ ಹೇಳಿ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಒಳಗೇ ಕೂತಿರಬೇಕು. "ಇಲ್ಲೇ ಏನಾದ್ರೂ ಕೊಟ್ಟು ಮುಗಿಸೋಣ್ವಾ" ಅಂತ ಬಾಯ್ತಪ್ಪಿಯೂ ಕೇಳಬಾರದು. ಅಲ್ಲಿ ಅದಕ್ಕೆ ಲಂಚದ ಕೇಸೇ ಬೀಳುತ್ತದೆ.