ಬೆಂಕಿಪೊಟ್ಟಣಕ್ಕೆ ಬೆಲೆ ಹಾಕುತ್ತಾರೆ, ಟೊಮೆಟೊಗೆ ಏಕೆ ಹಾಕಬಾರದು?

ಪ್ರಶ್ನೆ: ಬೆಂಕಿಪೊಟ್ಟಣ ಮಾಡುವವನು ಖರ್ಚು ಲೆಕ್ಕ ಹಾಕಿ, ಲಾಭ ಸೇರಿಸಿ, ಬೆಲೆ ಅಚ್ಚು ಹಾಕಿಸಿಯೇ ಮಾರುತ್ತಾನೆ. ಟೊಮೆಟೊ ಬೆಳೆದವನು ಮಾತ್ರ ಹರಾಜು ಕೂಗುವವನ ಬಾಯಿ ನೋಡಬೇಕು. ಇದ್ಯಾವ ನ್ಯಾಯ ಸರ್?
– ಕೋಲಾರ ತಾಲ್ಲೂಕಿನ ಓದುಗರು

ಉತ್ತರ: ಅರ್ಥಶಾಸ್ತ್ರ ಕಲಿಸಲು ಶುರು ಮಾಡಿದಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ತರಗತಿಯಲ್ಲೂ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲೂ ಕೇಳುತ್ತಾರೆ. ಕೇಳುವವರ ಸಂಕಟ ನಿಜ. ಆದರೆ ಖರ್ಚಿಗೆ ಲಾಭ ಕೂಡಿಸಿದರೆ ಬೆಲೆ ಹುಟ್ಟುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದು ಶುದ್ಧ ತಪ್ಪು.

ಬೆಂಕಿಪೊಟ್ಟಣವನ್ನೇ ನೋಡೋಣ. 2007ರಲ್ಲಿ ಒಂದು ರೂಪಾಯಿಯಾದ ಪೊಟ್ಟಣ 2021ರ ನವೆಂಬರ್ ಮುಗಿಯುವವರೆಗೂ ಒಂದೇ ರೂಪಾಯಿಗೆ ನಿಂತಿತ್ತು. ಆ 14 ವರ್ಷಗಳಲ್ಲಿ ರಂಜಕ, ಮೇಣ, ರಟ್ಟು, ಕೂಲಿ ಇವುಗಳಲ್ಲಿ ಯಾವುದು ಏರಲಿಲ್ಲ ಹೇಳಿ? ಒಬ್ಬನೇ ಬೆಲೆ ಏರಿಸಿದ್ದರೆ ಅಂಗಡಿಯವನು ಪಕ್ಕದ ಪೊಟ್ಟಣ ತೆಗೆದುಕೊಡುತ್ತಿದ್ದ. ಕೊನೆಗೆ ತಯಾರಕರ ಸಂಘಗಳು ಶಿವಕಾಶಿಯಲ್ಲಿ ಕೂಡಿ ತೀರ್ಮಾನಿಸಿದ ಮೇಲೆಯೇ ಡಿಸೆಂಬರ್ 1ರಿಂದ ಎರಡು ರೂಪಾಯಿಯಾಯಿತು. ಪೊಟ್ಟಣದ ಮೇಲೆ ಅಚ್ಚಾದ ಬೆಲೆ ಗರಿಷ್ಠ ಮಿತಿ ಅಷ್ಟೇ. ಆ ಬೆಲೆಗೆ ಕೊಂಡೇ ತೀರಬೇಕೆಂದು ಯಾರ ಮೇಲೂ ಕಟ್ಟುಪಾಡಿಲ್ಲ. ತಯಾರಕನಿಗೆ ಇರುವ ಅನುಕೂಲವೇ ಬೇರೆ: ಮಾಲು ಹೋಗದಿದ್ದರೆ ಗೋದಾಮಿನಲ್ಲಿ ಇಡುತ್ತಾನೆ, ಮುಂದಿನ ತಿಂಗಳು ಕಡಿಮೆ ತಯಾರಿಸುತ್ತಾನೆ.

ಈಗ ನಮ್ಮ ಮಂಡಿಗೆ ಬನ್ನಿ. 2023ರ ಬೇಸಿಗೆಯಲ್ಲಿ ಹಣ್ಣು ಬಿಡಿಸಿದ ಕೂಲಿಯೂ ಹುಟ್ಟುತ್ತಿಲ್ಲ ಎಂದು ರೈತರು ಕೊರಗುತ್ತಿದ್ದರು. ಅದೇ ವರ್ಷದ ಜುಲೈನಲ್ಲಿ ಇದೇ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತು. ಅಷ್ಟರೊಳಗೆ ಗಿಡಕ್ಕೆ ಆಸರೆ ಕೊಡುವ ಕಡ್ಡಿ, ದಾರ, ಡ್ರಿಪ್ ಪೈಪು, ಔಷಧಿಗಳ ಬೆಲೆ ಹತ್ತಾರು ಪಟ್ಟು ಏರಿತೇ? ಇಲ್ಲ. ರೋಗ ಮತ್ತು ಹವಾಮಾನದಿಂದ ಹಣ್ಣು ಕಡಿಮೆ ಬಂತು, ಉತ್ತರ ಭಾರತದಲ್ಲೂ ಕೊರತೆಯಾಗಿತ್ತು. ಆಗ ‘ನನ್ನ ಖರ್ಚಿಗೆ ಇಷ್ಟೇ ಸಾಕು’ ಎಂದು 400 ರೂಪಾಯಿಗೆ ಬಾಕ್ಸ್ ಕೊಟ್ಟವರನ್ನು ನಾನು ಕಾಣೆ. ಕೊಡಬೇಕಾಗಿಯೂ ಇರಲಿಲ್ಲ. ಹರಾಜಿನಲ್ಲಿ ಕೊಳ್ಳುವವನು ಬಾಕ್ಸಿನಿಂದ ಒಂದು ಹಣ್ಣು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ದೂರದ ಲಾರಿಗೆ ತಡೆಯುತ್ತದೆಯೇ, ಆ ಊರಿನಲ್ಲಿ ಏನು ರೇಟಿದೆ ಎಂಬುದಷ್ಟೇ ಅವನ ಲೆಕ್ಕ. ನಿಮ್ಮ ಸಾಲದ ಪುಸ್ತಕ ಅವನಿಗೆ ಕಾಣುವುದಿಲ್ಲ.

ಹಾಗಾದರೆ ಖರ್ಚಿಗೆ ಬೆಲೆಯೇ ಇಲ್ಲವೇ? ಇದೆ. ಮುಂದಿನ ಸಲ ಯಾರು ನಾಟಿ ಮಾಡುತ್ತಾರೆ, ಯಾರು ಕೈಬಿಡುತ್ತಾರೆ ಎಂಬುದನ್ನು ಖರ್ಚು ನಿರ್ಧರಿಸುತ್ತದೆ. ಇಂದಿನ ಬೆಲೆಯನ್ನು ನಿರ್ಧರಿಸುವುದು ಇಂದು ಬಂದ ಮಾಲು ಮತ್ತು ಇಂದು ಬಂದ ಗಿರಾಕಿ. ರೇಟು ಏರಿದ ವಾರ ಎಲ್ಲರೂ ನರ್ಸರಿಗೆ ಓಡಿ ಸಸಿ ತರುತ್ತೀರಿ. ಎರಡೂವರೆ ತಿಂಗಳಿಗೆ ಎಲ್ಲರ ಹಣ್ಣೂ ಒಟ್ಟಿಗೆ ಮಂಡಿಗೆ ಬರುತ್ತದೆ. ಅಗ್ಗವಾಯಿತೆಂದು ಯಾರೂ ಸಾರಿಗೆ ನಾಲ್ಕು ಪಟ್ಟು ಟೊಮೆಟೊ ಹಾಕುವುದಿಲ್ಲ, ಆದ್ದರಿಂದ ಬೆಲೆ ನೆಲಕಚ್ಚುತ್ತದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಅದೇ ಮನೆಯ ಹಸುವಿನ ಹಾಲು ಏಕೆ ಹರಾಜಿಗೆ ಹೋಗುವುದಿಲ್ಲ? ಬೆಳಿಗ್ಗೆ ಡೇರಿಯಲ್ಲಿ ಫ್ಯಾಟ್ ನೋಡಿ, ಮೊದಲೇ ಗೊತ್ತಿರುವ ದರಕ್ಕೆ ಬರೆದುಕೊಳ್ಳುತ್ತಾರೆ. ಹಾಲು ಟೊಮೆಟೊಗಿಂತ ಬೇಗ ಕೆಡುತ್ತದೆ, ಆದರೂ ದರ ದಿನಕ್ಕೊಂದು ಆಗುವುದಿಲ್ಲ. ಕಾರಣ, ಉತ್ಪಾದಕರು ಸಂಘ ಕಟ್ಟಿಕೊಂಡಿದ್ದಾರೆ. ಹೆಚ್ಚಾದ ಹಾಲನ್ನು ಪುಡಿ ಮಾಡಿ ಇಡುವ ಯಂತ್ರ ಒಕ್ಕೂಟದ ಕೈಯಲ್ಲಿದೆ. ಮೇಲೆ ರಾಜ್ಯ ಸರ್ಕಾರದ ಪ್ರೋತ್ಸಾಹಧನವೂ ಲೀಟರಿಗೆ 5 ರೂಪಾಯಿ ಇದೆ. ಹಾಲು ಮಿತಿಮೀರಿದಾಗ ಒಕ್ಕೂಟಗಳೂ ಖರೀದಿ ದರ ಇಳಿಸಿದ್ದುಂಟು. ಆದರೆ ಅದು ಒಂದೆರಡು ರೂಪಾಯಿಯ ಮಾತು, ರಸ್ತೆಗೆ ಸುರಿಯುವ ಮಾತಲ್ಲ.

ಹೆಚ್ಚಾದ ಟೊಮೆಟೊವನ್ನೂ ಹೀಗೆ ಸಾಸ್ ಮಾಡಿ ಇಡಬಹುದೇ ಎಂದರೆ, ಮೊದಲು ತಳಿಯ ಪ್ರಶ್ನೆ ಬರುತ್ತದೆ. ನಾವು ಬೆಳೆಯುವುದು ದೂರ ಸಾಗಿಸಲು ಒಗ್ಗುವ ಗಟ್ಟಿ ಸಿಪ್ಪೆಯ ಹಣ್ಣು. ಸಾಸ್ ಕಾರ್ಖಾನೆಗೆ ಬೇಕಾದದ್ದು ತಿರುಳು ಹೆಚ್ಚಿರುವ ಹಣ್ಣು. ಆ ತಳಿ ಹಾಕಬೇಕೆಂದರೆ ನಾಟಿಗೆ ಮೊದಲೇ ದರದ ಒಪ್ಪಂದ ಆಗಬೇಕು. ಮಂಡಿಯಲ್ಲಿ ಬಾಕ್ಸ್ 2,000 ಮುಟ್ಟಿದ ದಿನವೂ ಒಪ್ಪಿದ ದರಕ್ಕೇ ಕಾರ್ಖಾನೆಗೆ ಹಾಕುತ್ತೇವೆ ಎಂದು ರೈತರೂ ಮಾತು ಕೊಡಬೇಕಾಗುತ್ತದೆ.